ವೈರು ಮುಂದು

ಸಾದಲಿಯಲ್ಲಿ ನಮ್ಮತ್ತಿಗೆಯ ತಾಯಿ ನರಸಮ್ಮತ್ತೆಗೆ ಸಿಡಿಲು ಬಡಿಯಿತು ಎಂದು ನಮ್ಮವರೆಲ್ಲ ಹೇಳುತ್ತಾರೆ. ಮದುವೆ ಮನೆಗಳಲ್ಲಿ ಹೇಳುತ್ತಾರೆ, ಬಸ್‌ಸ್ಟ್ಯಾಂಡಿನಲ್ಲಿ ಹೇಳುತ್ತಾರೆ. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯ ಹತ್ತಿರ ಪರಿಚಯವೇ ಇಲ್ಲದ ಹೆಂಗಸೊಬ್ಬರು ನನ್ನನ್ನೇ ನಿಲ್ಲಿಸಿ, "ನಿಮ್ಮಣ್ಣನ ಗಾಡಿ ಮೇಲೆ ಸಿಡ್ಲು ಬಿತ್ತಂತಲ್ಲಮ್ಮ, ಪಾಪ" ಅಂದಿದ್ದರು. ಈ ಮಾತು ಹೇಳುವಾಗ ಎಲ್ಲರ ಮುಖದಲ್ಲೂ ಒಂದು ನೆಮ್ಮದಿ ಇರುತ್ತದೆ. ಸಿಡಿಲನ್ನು ಯಾರೂ ಕರೆದಿರುವುದಿಲ್ಲ, ಹಾಗಾಗಿ ಯಾರನ್ನೂ ಏನೂ ಕೇಳುವ ಹಾಗಿಲ್ಲ.

ನನಗೆ ಈ ಕಥೆ ಒಪ್ಪಿಗೆಯಿಲ್ಲ. ಒಪ್ಪದಿರುವುದು ನನ್ನ ಹುಟ್ಟುಗುಣ ಎಂದು ಮನೆಯಲ್ಲಿ ಹಂಗಿಸುತ್ತಾರೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಯಾವ ಕಡೆ ನಿಲ್ಲಿಸಿದರೂ ಆ ಕಡೆ ವಾದಿಸಿ ಗೆದ್ದು ಬಂದವಳು ನಾನು, ಅದಕ್ಕೇ ನನ್ನ ಮಾತನ್ನು ಯಾರೂ ನಂಬುವುದಿಲ್ಲ. ಇರಲಿ. ಆದರೆ ಇಲ್ಲಿ ನಾನು ಶೀಲ್ಡಿಗಾಗಿ ವಾದಿಸುತ್ತಿಲ್ಲ. ನಾನು ಆ ಗಾಡಿಯ ಒಳಗೇ ಇದ್ದೆ. ಗಾಡಿಗೆ ಆತುಕೊಂಡ ಹಾಗೆ ಒಂದು ತೆಂಗಿನ ಮರವಿತ್ತು. ಸಿಡಿಲು ಬಿದ್ದಿದ್ದರೆ ಅದರ ಒಂದು ಗರಿಯಾದರೂ ಸುಡಬೇಕಿತ್ತಲ್ಲ? ಎದುರಿನ ಹುಳುಮನೆಯ, ಅಂದರೆ ರೇಷ್ಮೆಹುಳು ಸಾಕುವ ಮನೆಯ, ಬಲ್ಬು ಆ ಹೊತ್ತಿನಲ್ಲೂ ಉರಿಯುತ್ತಲೇ ಇತ್ತು. ಗುಡುಗು ಇದ್ದದ್ದು ನಿಜ, ಆದರೆ ಅದು ಎಲ್ಲೋ ಚೇಳೂರಿನ ಕಡೆ, ಹೊಟ್ಟೆಯೊಳಗೆ ಗುರುಗುಟ್ಟಿದ ಹಾಗೆ. ಅದೆಲ್ಲ ಬಿಡಿ. ಸಿಡಿಲು ಹೊಡೆದು ಹೋಗುತ್ತದೆ, ಹಿಡಿದುಕೊಂಡು ನಿಲ್ಲುವುದಿಲ್ಲ. ನರಸಮ್ಮತ್ತೆಯನ್ನು ಅದು ಹಿಡಿದುಕೊಂಡಿತ್ತು.

ಹೋದ ವಾರ ಚಿಕ್ಕಬಳ್ಳಾಪುರದಲ್ಲಿ ಅಣ್ಣನ ಶೆಡ್ಡಿಗೆ ಹೋಗಿದ್ದೆ. ಅಶೋಕಣ್ಣ ಒಂದು ಹೊಸ ಗಾಡಿಯ ಒಳಗೆ ನಿಂತು ಗೋಡೆಗೆ ಡ್ರಿಲ್ ಹಿಡಿದಿದ್ದ. ಬಿಸಿಯಾದ ಪ್ಲೈವುಡ್ಡಿನ ಪುಡಿಗೆ ಒಂದು ವಾಸನೆ ಇದೆ, ಅರ್ಧ ಅಂಟು, ಅರ್ಧ ಸುಟ್ಟ ರೊಟ್ಟಿ. ಅದು ಮೂಗಿಗೆ ಬಡಿದದ್ದೇ ಒಂದು ಹೆಜ್ಜೆ ಹಿಂದೆ ಸರಿದೆ. ಬಾಗಿಲ ಪಕ್ಕದ ಹಿಡಿಕೆ ಹಿಡಿದು ಒಳಗೆ ಹತ್ತಬೇಕಿತ್ತು, ಹತ್ತಲಾಗಲಿಲ್ಲ. ಹೊರಗೇ ನಿಂತೆ. ಆ ಮಳೆಗಾಲ ಹಾಗೇ ಎದ್ದು ಬಂದು ಮುಂದೆ ನಿಂತಿತು.

ಆ ವರ್ಷ ನಾನು ಕಾನೂನು ಪರೀಕ್ಷೆ ಬರೆದು ಫಲಿತಾಂಶಕ್ಕೆ ಕಾಯುತ್ತಿದ್ದೆ. ಅಣ್ಣ ಗೌರಿಬಿದನೂರು ರಸ್ತೆಯಲ್ಲಿ ಬಸ್ಸು, ಲಾರಿಗಳ ಬಾಡಿ ಕಟ್ಟುವ ಶೆಡ್ಡು ಇಟ್ಟುಕೊಂಡಿದ್ದ. ಸ್ಕಂದಗಿರಿ ಬೆಟ್ಟ ಹತ್ತಲು ಬರುವ ಜನರನ್ನು ನೋಡಿ ನೋಡಿ ಅವನ ತಲೆಗೆ ಒಂದು ಯೋಚನೆ ಹೊಕ್ಕಿತ್ತು: ಒಳಗೇ ಮಲಗಿ, ಅಡುಗೆ ಮಾಡಿಕೊಂಡು, ಎಲ್ಲಿ ಬೇಕೋ ಅಲ್ಲಿ ನಿಲ್ಲಿಸಬಹುದಾದ ಗಾಡಿಯೊಂದನ್ನು ಮಾಡಿ ಬಾಡಿಗೆಗೆ ಬಿಡುವುದು. ಶಾಲಾ ಮಕ್ಕಳನ್ನು ಹೊತ್ತು ಸವೆದಿದ್ದ ಒಂದು ಹಳೇ ಟೆಂಪೋ ವ್ಯಾನನ್ನು ತಂದು, ಸೀಟು ಕಿತ್ತು, ಕೆಲಸ ಶುರು ಮಾಡಿದ. ನಾವು ಅದನ್ನು ಮನೆಗಾಡಿ ಎಂದು ಕರೆಯುತ್ತಿದ್ದೆವು.

ಹೆಸರಿಗೆ ಮನೆ. ಗೋಡೆ ಮಾತ್ರ ಮನೆಯದಲ್ಲ. ಹೊರಗೆ ತಗಡು, ಒಳಗೆ ಬೆರಳಿನಿಂದ ಒತ್ತಿದರೆ ಬಗ್ಗುವ ತೆಳು ಪ್ಲೈವುಡ್ಡು, ನಡುವೆ ಖಾಲಿ. ಅಲ್ಲಲ್ಲಿ ಮಾತ್ರ ಕಬ್ಬಿಣದ ಪಟ್ಟಿಗಳು, ಪಕ್ಕೆಲುಬಿನ ಹಾಗೆ. ತಟ್ಟಿದರೆ ಪಟ್ಟಿ ಇರುವಲ್ಲಿ ಟಕ್ ಅನ್ನುತ್ತಿತ್ತು, ಉಳಿದಲ್ಲೆಲ್ಲ ಡಬ್ ಡಬ್. ರಾತ್ರಿ ಮಲಗುವವರ ತಲೆಯ ಮೇಲೆ ಕಪಾಟು, ಕಾಲ ಕಡೆ ಫ್ಯಾನು, ಒಲೆಯ ಪಕ್ಕ ಪಾತ್ರೆಯ ಸ್ಟ್ಯಾಂಡು, ಎಲ್ಲವನ್ನೂ ಈ ಡಬ್ ಡಬ್‌ಗೇ ನೇತುಹಾಕಬೇಕು.

"ಇದು ಗೋಡೆ ಅಲ್ಲ ಕಣೇ ಮೈತ್ರಿ, ಗೋಡೆ ಥರ ಇರೋದು" ಎಂದು ಅಣ್ಣನೇ ನಗುತ್ತಿದ್ದ.

"ಹಂಗಾದ್ರೆ ಇದಕ್ಕೆ ಹಾಕೋ ಕಪಾಟು ಕಪಾಟಾ, ಕಪಾಟಿನ ಥರ ಇರೋದಾ?" ಅಂತ ನಾನು ಕೇಳಿದರೆ, "ಲಾಯರಮ್ಮ, ಆ ಸ್ಕ್ರೂ ಡಬ್ಬಿ ಕೊಡು, ವಾದ ಆಮೇಲೆ" ಅನ್ನುತ್ತಿದ್ದ.

ಭಯ ಶುರುವಾದದ್ದು ಗೌರಿಬಿದನೂರಿನ ರಸ್ತೆಯಲ್ಲಿ. ಕಪಾಟನ್ನು ಮಾಮೂಲಿ ಸ್ಕ್ರೂನಲ್ಲಿ ಬಿಗಿದು, ಅದರೊಳಗೆ ಸ್ಟೀಲ್ ಡಬ್ಬಿಗಳನ್ನು ತುಂಬಿ, ಗಾಡಿಯನ್ನು ಒಂದು ಸುತ್ತು ಓಡಿಸಿ ನೋಡೋಣ ಎಂದು ಹೊರಟಿದ್ದೆವು. ಅಣ್ಣ ಓಡಿಸುತ್ತಿದ್ದ, ನಾನು ಹಿಂದೆ ಕೂತು ಕಪಾಟನ್ನು ನೋಡುತ್ತಿದ್ದೆ. ರಸ್ತೆಯ ಪ್ರತಿ ಹಂಪಿಗೂ ಅದು ಗೋಡೆಯಿಂದ ಒಂದು ಕೂದಲೆಳೆ ಮುಂದೆ ಬಂದು, ಮತ್ತೆ ಹಿಂದೆ ಹೋಗುತ್ತಿತ್ತು. ಉಸಿರಾಡುತ್ತಿದೆಯೇನೋ ಅನ್ನಿಸಿತು. "ಅಣ್ಣ, ನಿಧಾನ" ಎನ್ನುವಷ್ಟರಲ್ಲಿ ಅಲೀಪುರದ ತಿರುವು ದಾಟಿ ಒಂದು ಗುಂಡಿ ಬಂತು. ಕಪಾಟು ಇಡಿಯಾಗಿ ಕಿತ್ತುಕೊಂಡು ಹಾಸಿಗೆಯ ಮೇಲೆ ಬಿತ್ತು. ಬಿದ್ದದ್ದು ಸರಿಯಾಗಿ ದಿಂಬಿನ ಮೇಲೆ. ಅಣ್ಣನ ಹೆಂಡತಿ ರತ್ನತ್ತಿಗೆ ಹಿಂದಿನ ದಿನ ತಾನೇ ಬಂದು ಅಳತೆ ನೋಡಿ, "ಇಲ್ಲಿ ಪಾಪು ಮಲಗ್ಸ್ತೀನಿ" ಎಂದು ಇಟ್ಟುಹೋಗಿದ್ದ ಪುಟ್ಟ ದಿಂಬು ಅದು. ಡಬ್ಬಿಯ ಮೂಲೆ ತಗಲಿ ಹತ್ತಿ ಹೊರಗೆ ಬಂದಿತ್ತು. ಗೋಡೆಯಲ್ಲಿ ಸ್ಕ್ರೂ ಇದ್ದ ಕಡೆಯೆಲ್ಲ ಪುಡಿಯುದುರುವ ತೂತುಗಳು.

ಅತ್ತಿಗೆಗೆ ಹೇಳುವುದು ಬೇಡ ಎಂದು ಅಣ್ಣ ಅಂದ. ನಾನು ಅದೇ ಸಂಜೆ ಹೇಳಿದೆ.

"ಇದರ ಕೆಳಗೆ ನನ್ ಮಗು ಮಲಗ್ಸಲ್ಲ ನಾನು" ಅಂದರು ರತ್ನತ್ತಿಗೆ. "ಬೇಕಾದ್ರೆ ನೀವು ಮಲ್ಕೊಳ್ಳಿ. ತಲೆ ಗಟ್ಟಿ ಐತಲ್ಲ."

ಆದರೆ ಅವರು ಆ ಗಾಡಿಯನ್ನು ಬೇಡ ಅನ್ನುವ ಹಾಗಿರಲಿಲ್ಲ. ಅವರ ತವರು ಸಾದಲಿ. ತಾಯಿ ನರಸಮ್ಮ ಒಬ್ಬರೇ ರೇಷ್ಮೆಹುಳು ಸಾಕುತ್ತಿದ್ದರು. ಹುಳು ನಾಲ್ಕನೇ ಜ್ವರದಿಂದ ಎದ್ದರೆ, ಅಂದರೆ ಕೊನೆಯ ಸಲ ಪೊರೆ ಕಳಚಿದರೆ, ಆಮೇಲೆ ಅದರ ಹಸಿವಿಗೆ ಲೆಕ್ಕವಿಲ್ಲ. ಹಗಲೂ ರಾತ್ರಿ ಸೊಪ್ಪು ಹಾಕಲು ಇನ್ನೊಂದು ಜೊತೆ ಕೈ ಬೇಕೇ ಬೇಕು. ಪ್ರತಿ ಬೆಳೆಗೂ ಅತ್ತಿಗೆ ಹೋಗುತ್ತಿದ್ದರು. ಈ ಸಲ ಎದೆಹಾಲು ಕುಡಿಯುವ ಮಗು. ಆ ಮನೆಯಲ್ಲಿ ಹುಳು ಬಿಟ್ಟು ಬೇರೆಯವರಿಗೆ ಜಾಗವಿರಲಿಲ್ಲ, ನಡುಮನೆಯವರೆಗೂ ತಟ್ಟೆಗಳು. ಸೊಳ್ಳೆಬತ್ತಿ ಹಚ್ಚುವ ಹಾಗಿಲ್ಲ, ಮಗುವಿಗೆ ಪೌಡರ್ ಹಾಕುವ ಹಾಗಿಲ್ಲ, ಒಗ್ಗರಣೆಯ ಹೊಗೆ ಕೂಡ ಹುಳುವಿಗೆ ಆಗದು. ಹಾಗಾಗಿ ಗಾಡಿಯನ್ನು ಮನೆಯ ಮುಂದೆ ನಿಲ್ಲಿಸಿ ಅದರಲ್ಲಿ ಮಗುವಿನ ಜೊತೆ ಮಲಗುವುದು, ಸೊಪ್ಪಿನ ಹೊತ್ತಿಗೆ ಒಳಗೆ ಹೋಗಿಬರುವುದು ಎಂದು ತೀರ್ಮಾನವಾಗಿತ್ತು. ಮಗುವನ್ನು ನೋಡಿಕೊಳ್ಳಲು ನಾನು.

ನರಸಮ್ಮತ್ತೆ ದಿನವೂ ಫೋನು ಮಾಡುತ್ತಿದ್ದರು. "ಹುಳ ಜ್ವರಕ್ಕೆ ಕೂತವೆ ಕಣಮ್ಮ. ಎದ್ದುಬಿಟ್ರೆ ನನ್ ಕೈಲಾಗಲ್ಲ. ಅಳಿಯಂದಿರ್ಗೆ ಹೇಳು, ಹುಳ ಕಾಯಲ್ಲ."

ಅಣ್ಣ ಬೆಂಗಳೂರಿನಿಂದ ಬೇರೆ ಥರದ ಬೋಲ್ಟು ತರಿಸಿದ. ತುದಿಯಲ್ಲಿ ಎರಡು ರೆಕ್ಕೆ ಇರುವ ಬೋಲ್ಟು. ರೆಕ್ಕೆ ಮಡಚಿ ತೂತಿನೊಳಗೆ ತೂರಿಸಿದರೆ, ಗೋಡೆಯ ಆ ಕಡೆ ಖಾಲಿ ಜಾಗದಲ್ಲಿ ರೆಕ್ಕೆ ತಾನೇ ಬಿಚ್ಚಿಕೊಳ್ಳುತ್ತದೆ. ಆಮೇಲೆ ತಿರುಗಿಸುತ್ತಾ ಹೋದರೆ ರೆಕ್ಕೆ ಹಿಂದಿನಿಂದ ಪ್ಲೈವುಡ್ಡನ್ನು ಅವುಚಿ ಹಿಡಿದುಕೊಳ್ಳುತ್ತದೆ. ಒಂದನ್ನು ಹಾಕಿ, ಅದಕ್ಕೆ ಹಗ್ಗ ಕಟ್ಟಿ, ಅಣ್ಣ ತಾನೇ ಜೋತುಬಿದ್ದ.

"ನೋಡು ರತ್ನ, ನಾನೇ ತೂಗ್ತಾ ಇದೀನಿ. ಇನ್ನೇನು ಬೇಕು ನಿಂಗೆ?"

"ಇಳೀರಿ, ಮಂಗನ ಥರ" ಎಂದು ಅತ್ತಿಗೆ ನಕ್ಕರು. ಅವರ ಭಯ ಅಲ್ಲಿಗೆ ಹೋಯಿತು. ನನ್ನದು ಅಲ್ಲಿಂದ ಬೇರೆ ಕಡೆ ತಿರುಗಿತು.

"ಅಣ್ಣ, ಆ ರೆಕ್ಕೆ ಬಿಚ್ಕೊಳ್ಳುತ್ತಲ್ಲ, ಅಲ್ಲಿ ಏನೈತೆ ಅಂತ ನಿಂಗೆ ಗೊತ್ತಾ?"

"ಗಾಳಿ ಐತೆ."

"ವೈರು ಎಳೆದಿದ್ದೂ ಆ ಗಾಳಿಲೇ ತಾನೇ?"

ಅಣ್ಣ ಗೋಡೆಯನ್ನು ಒಮ್ಮೆ ತಟ್ಟಿ ನೋಡಿದ. ವೈರಿಂಗ್ ಮಾಡಿದ್ದು ಸೂರಪ್ಪ. ಚೇಳೂರಿನ ಕಡೆಯವನು, ಅಣ್ಣನ ಶೆಡ್ಡಿನಲ್ಲಿ ಮೊದಲಿನಿಂದಲೂ ಎಲೆಕ್ಟ್ರಿಕ್ ಕೆಲಸ ಅವನದೇ. ವೈರು ಎಳೆದು, ಒಳಗಿನ ಹಲಗೆ ಹೊಡೆಸಿ, ಕಡಲೆಕಾಯಿ ಬಿತ್ತನೆಗೆಂದು ಊರಿಗೆ ಹೋಗಿದ್ದ. ಗೋಡೆ ಮುಚ್ಚಿತ್ತು. ವೈರು ಯಾವ ಎತ್ತರದಲ್ಲಿ ಓಡಿದೆ ಎಂದು ಹೊರಗಿನಿಂದ ತಿಳಿಯುವ ಹಾಗಿರಲಿಲ್ಲ. ಅಣ್ಣ ಫೋನು ಹಚ್ಚಿದ. ಶೆಡ್ಡಿನ ತಗಡಿನ ಮೇಲೆ ಮಳೆ ಕಾಳು ಹುರಿದ ಹಾಗೆ ಸಿಡಿಯುತ್ತಿತ್ತು, ಸ್ಪೀಕರಿಗೆ ಹಾಕಿ ಕಿರುಚಿದ.

"ಸೂರಪ್ಪ! ಬೆಡ್ ಮೇಲೆ ಕಪಾಟು ಹಾಕ್ತಾ ಇದೀನಿ! ವೈರು?"

"ಆಂ? ಏನ್ ಸಾರ್?"

"ಕಪಾಟು! ವೈರು?"

"ವೈರು ಮುಂದು ಸಾರ್! ವೈರು ಮುಂದು!"

ಅಷ್ಟಕ್ಕೆ ಫೋನು ಕಡಿಯಿತು. ಅಣ್ಣ ಮತ್ತೆ ಹಚ್ಚಲಿಲ್ಲ. ಫೋನನ್ನು ಜೇಬಿಗೆ ಹಾಕಿ, ಡ್ರಿಲ್ ಎತ್ತಿಕೊಂಡು, "ಆಯ್ತಲ್ಲಮ್ಮ? ವೈರು ಮುಂದೆ ಐತಂತೆ, ಡ್ರೈವರ್ ಸೀಟಿನ ಕಡೆ. ಹಿಂದೆ ಬರೀ ಗಾಳಿ" ಅಂದ. ಹಾಸಿಗೆಯ ಮೇಲಿನ ಗೋಡೆಗೆ ತೂತು ಹೊಡೆಯತೊಡಗಿದ. ಬಿಸಿ ಪುಡಿ ನನ್ನ ಮುಂಗೈ ಮೇಲೆ ಉದುರುತ್ತಿತ್ತು.

ಕಪಾಟು ಬಿಗಿಯಾಗಿ ಕೂತಿತು. ಗಾಡಿಯನ್ನು ಶೆಡ್ಡಿನ ಕರೆಂಟಿಗೆ ಸಿಕ್ಕಿಸಿ, ಅಣ್ಣ ಗಾಡಿಯ ತಗಡಿಗೆಲ್ಲ ಟೆಸ್ಟರ್ ಮುಟ್ಟಿಸಿ ನೋಡಿದ. ಟೆಸ್ಟರಿನ ದೀಪ ಹೊತ್ತಲಿಲ್ಲ, ಅಂದರೆ ತಗಡಿನಲ್ಲಿ ಕರೆಂಟಿಲ್ಲ. ಮರುದಿನವೇ ಸಾದಲಿಗೆ ಹೊರಟೆವು. ದಾರಿಯುದ್ದಕ್ಕೂ ನಾನು ಕಪಾಟನ್ನೇ ನೋಡುತ್ತಿದ್ದೆ. ಅದು ಅಲುಗಲಿಲ್ಲ. ಆ ಅಲುಗದಿರುವುದೂ ನನಗೆ ಹಿಡಿಸಲಿಲ್ಲ. ಅಷ್ಟು ತೆಳು ಗೋಡೆ ಅಷ್ಟು ಭಾರವನ್ನು ಅಷ್ಟು ಸುಮ್ಮನೆ ಹೊತ್ತುಕೊಂಡಿದೆ ಎಂದರೆ, ಒಳಗೆ ರೆಕ್ಕೆ ಏನನ್ನೋ ಗಟ್ಟಿಯಾಗಿ ಹಿಡಿದಿರಬೇಕು.

ಸಾದಲಿಯ ಮನೆಯಲ್ಲಿ ಹಳೇ ಕಾಲದ ಎರಡು ತೂತಿನ ಸಾಕೆಟ್ಟು. ಗಾಡಿಯ ಮೂರು ಕಾಲಿನ ಪ್ಲಗ್ಗು ಅದಕ್ಕೆ ಹೋಗದೆ, ಅಣ್ಣ ಅಂಗಡಿಯಿಂದ ಒಂದು ಅಡಾಪ್ಟರು ತಂದು ಸಿಕ್ಕಿಸಿದ. ಉದ್ದನೆಯ ವೈರು ಅಂಗಳದ ಕೆಸರಿನಲ್ಲಿ ಹಾವಿನ ಹಾಗೆ ಬಿದ್ದುಕೊಂಡಿತು. ಒಳಗೆ ದೀಪ ಬಂತು, ಫ್ಯಾನು ತಿರುಗಿತು, ಮಗು ಫ್ಯಾನು ನೋಡಿ ಕೈಕಾಲು ಬಡಿಯಿತು. ನರಸಮ್ಮತ್ತೆ ದೂರದಿಂದಲೇ ನೋಡಿ ಬಾಯಿ ಮುಚ್ಚಿಕೊಂಡು ನಕ್ಕರು. "ಅಯ್ಯೋ, ನಮ್ಮನೇಲಿಲ್ದಿರೋ ಫ್ಯಾನು ಲಾರಿಲೈತೆ!"

ಮರುದಿನ ಬೆಳಿಗ್ಗೆ ಆ ಮನೆಯ ನಾಯಿ ಗಾಡಿಯ ಚಕ್ರದ ಹತ್ತಿರ ಬಂದು ಮೂಸಿತು. ತಗಡಿಗೆ ಮೂಗು ತಗಲಿದ್ದೇ ಒಂದು ಕೂಗು ಹಾಕಿ, ಬಾಲ ಮುದುರಿ, ಹಿಪ್ಪುನೇರಳೆ ತೋಟದೊಳಗೆ ನುಗ್ಗಿತು. ಎಷ್ಟು ಕರೆದರೂ ಅಂಗಳಕ್ಕೆ ಬರಲಿಲ್ಲ.

"ನಾಯಿಗೂ ನಿಮ್ ಗಾಡಿ ಹಿಡಿಸ್ಲಿಲ್ಲ ನೋಡ್ರಿ" ಎಂದು ಅತ್ತಿಗೆ ಅಣ್ಣನನ್ನು ಕೆಣಕಿದರು. ಆಮೇಲೆ ಸೊಪ್ಪು ಹಾಕಿ ಬಂದು ಹಿಡಿಕೆ ಹಿಡಿದು ಹತ್ತುವಾಗ, "ಅಯ್ಯ, ಕೈ ಜುಂ ಅಂತು" ಅಂದರು.

"ಮಗು ಎತ್ಕೊಂಡು ಎತ್ಕೊಂಡು ಜೋಮು ಹಿಡ್ದೈತೆ" ಅಂದ ಅಣ್ಣ.

ಅತ್ತಿಗೆಯ ಕಾಲಿನಲ್ಲಿ ರಬ್ಬರ್ ಚಪ್ಪಲಿ ಇತ್ತು. ಇದನ್ನು ನಾನು ಆಮೇಲೆ ಎಷ್ಟು ಸಲ ನೆನೆಸಿಕೊಂಡಿದ್ದೇನೋ.

ಅವತ್ತು ಮಧ್ಯಾಹ್ನ ಮೋಡ ಕವಿದು ಕತ್ತಲಾಯಿತು. ಸಣ್ಣ ಮಳೆ. ಅಣ್ಣ ಹುಳುಮನೆಯೊಳಗೆ ಚಂದ್ರಿಕೆಗಳನ್ನು, ಅಂದರೆ ಹುಳು ಗೂಡು ಕಟ್ಟುವ ಬಿದಿರ ತಟ್ಟೆಗಳನ್ನು, ಜೋಡಿಸುತ್ತಿದ್ದ. ನಾನು, ಅತ್ತಿಗೆ, ಮಗು ಗಾಡಿಯೊಳಗಿದ್ದೆವು. ನರಸಮ್ಮತ್ತೆಗೆ ಮೊಮ್ಮಗಳನ್ನು ಎತ್ತಿಕೊಳ್ಳುವ ಆಸೆ. ಆದರೆ ಆ ಮನೆಗಳಲ್ಲಿ ಒಂದು ಕಟ್ಟುನಿಟ್ಟು: ಹುಳುಮನೆಗೆ ಹೋಗುವಾಗಲೂ ಬರುವಾಗಲೂ ಕೈಕಾಲು ತೊಳೆಯಬೇಕು, ಒಳಗೆ ಚಪ್ಪಲಿ ಮೆಟ್ಟಬಾರದು. ಅವರು ನೀರಿನ ಬಾನಿಯ ಹತ್ತಿರ ನಿಂತು ಮೊಣಕೈವರೆಗೆ, ಮೊಣಕಾಲವರೆಗೆ ತಿಕ್ಕಿ ತಿಕ್ಕಿ ತೊಳೆದುಕೊಂಡರು. ನೀರು ತೊಟ್ಟಿಕ್ಕುತ್ತಾ, ಬರಿಗಾಲಲ್ಲಿ, ಕೆಸರು ದಾಟಿ ನಗುತ್ತಾ ಬಂದರು.

"ಕೊಡಮ್ಮ ನನ್ ಬಂಗಾರಾನ" ಎಂದು ಹಿಡಿಕೆ ಹಿಡಿದರು.

ಅವರು ಕೂಗಲಿಲ್ಲ. ಎಲ್ಲರೂ ಹೇಳುವ ಕಥೆಯಲ್ಲಿ ಅವರು ಕೂಗುತ್ತಾರೆ. ಇಲ್ಲ. ಬಾಯಿ ತೆರೆದಿತ್ತು, ದನಿಯಿರಲಿಲ್ಲ. ತೋಳಿನ ನರವೆಲ್ಲ ಹಗ್ಗದ ಹಾಗೆ ಎದ್ದಿತ್ತು. ಕಣ್ಣು ನನ್ನನ್ನೇ ನೋಡುತ್ತಿತ್ತು. ಅವರ ಬಳೆ ಹಿಡಿಕೆಗೆ ಬಡಿದು ಟರ್ರ್ ಎಂದು ಸದ್ದು ಮಾಡುತ್ತಿತ್ತು, ಅಷ್ಟು ವೇಗವಾಗಿ ಅವರು ನಡುಗುತ್ತಿದ್ದರು. ನಾನು ಅದೇ ಗಾಡಿಯೊಳಗೆ, ಅವರಿಂದ ಕೈಯಳತೆಯಲ್ಲಿ ನಿಂತಿದ್ದೆ. ನನಗೆ ಏನೂ ಆಗುತ್ತಿರಲಿಲ್ಲ. ಒಂದು ಜುಮ್ಮೂ ಇಲ್ಲ. ನನ್ನನ್ನು ಇವತ್ತಿಗೂ ಎದೆ ಹಿಡಿದು ಎಬ್ಬಿಸುವುದು ಇದೇ.

"ಅಮ್ಮಾ!" ಎಂದು ಅತ್ತಿಗೆ ಮಗುವನ್ನು ಎತ್ತಿಕೊಂಡೇ ಬಾಗಿಲಿಗೆ ನುಗ್ಗಿದರು. ನಾನು ಹಿಂದಿನಿಂದ ಸೆರಗು, ಜಡೆ, ಸಿಕ್ಕಿದ್ದೆಲ್ಲ ಹಿಡಿದು ಎಳೆದೆ.

"ಬಿಡೇ! ಅಮ್ಮ ಸಾಯ್ತಾವ್ಳೆ ಕಣೇ, ಬಿಡೇ!"

"ಮುಟ್ಟಬೇಡಿ ಅತ್ತಿಗೆ! ಗಾಡೀಲಿ ಕರೆಂಟ್ ಐತೆ! ಇಳೀಬೇಡಿ!"

"ಬಿಡೇ ರಾಕ್ಷಸಿ!"

ಗಾಡಿಯ ಬಾಡಿಯನ್ನೂ ನೆಲವನ್ನೂ ಒಟ್ಟಿಗೆ ಮುಟ್ಟಬಾರದು. ಇಂಥ ಗಾಡಿಗಳಿಗೆ ಹೊರಗಿನ ಕರೆಂಟು ಕೊಡುವ ಬಗ್ಗೆ ಅಣ್ಣನಿಗೆ ನಾನೇ ಓದಿ ಹೇಳಿದ್ದ ಎಚ್ಚರಿಕೆ ಅದು. ಗಾಡಿ ರಬ್ಬರ್ ಚಕ್ರದ ಮೇಲೆ ನಿಂತಿರುತ್ತದೆ, ಒಳಗಿರುವವರಿಗೆ ಗೊತ್ತೇ ಆಗುವುದಿಲ್ಲ, ಕೆಳಗೆ ನಿಂತು ಮುಟ್ಟಿದವರ ಮೂಲಕ ಕರೆಂಟು ನೆಲಕ್ಕಿಳಿಯುತ್ತದೆ. ಆಗ ಅಣ್ಣ, "ಇದೆಲ್ಲ ಫಾರಿನ್ನಲ್ಲಿ" ಅಂದಿದ್ದ. ಅತ್ತಿಗೆಯನ್ನು ಹಾಸಿಗೆಯ ಮೇಲೆ ತಳ್ಳಿ, ಒಲೆಯ ಪಕ್ಕದ ಮೇನ್ ಸ್ವಿಚ್ಚನ್ನು ಕೆಳಕ್ಕೆ ಹೊಡೆದೆ. ದೀಪ ಹೋಯಿತು. ಫ್ಯಾನು ನಿಂತಿತು.

ನರಸಮ್ಮತ್ತೆಯನ್ನು ಅದು ಬಿಡಲಿಲ್ಲ.

ಬಳೆಯ ಟರ್ರ್ ಸದ್ದು ಹಾಗೇ ಇತ್ತು. ಸ್ವಿಚ್ಚು ಆಫ್ ಆಗಿದೆ, ಎಲ್ಲ ಕತ್ತಲಾಗಿದೆ, ಆದರೂ ಗೋಡೆಯೊಳಗೆ ಅದು ಬದುಕಿದೆ. ನನ್ನ ಜೀವಮಾನದಲ್ಲಿ ದೆವ್ವವನ್ನು ನಂಬಿದ್ದಿದ್ದರೆ ಆ ಒಂದು ಕ್ಷಣದಲ್ಲೇ. ಆಮೇಲೆ ತಿಳಿದದ್ದು ಇಷ್ಟು: ಆ ಸ್ವಿಚ್ಚು ಎರಡು ತಂತಿಗಳಲ್ಲಿ ಒಂದನ್ನು ಮಾತ್ರ ಕಡಿಯುತ್ತದೆ. ಶೆಡ್ಡಿನಲ್ಲಿ ಕರೆಂಟು ಬರುತ್ತಿದ್ದದ್ದು ಆ ತಂತಿಯಲ್ಲೇ, ಅದಕ್ಕೇ ಅಲ್ಲಿ ಟೆಸ್ಟರ್ ಹೊತ್ತಲಿಲ್ಲ. ಸಾದಲಿಯಲ್ಲಿ ಅಡಾಪ್ಟರು ತಿರುಗಾಮುರುಗಾ ಕೂತು, ಕರೆಂಟು ಇನ್ನೊಂದರಲ್ಲಿ ಬರುತ್ತಿತ್ತು. ಗೋಡೆಯೊಳಗೆ ಗಾಯವಾಗಿದ್ದದ್ದು ಆ ಇನ್ನೊಂದಕ್ಕೆ.

ಆಗ ಇದೇನೂ ಗೊತ್ತಿರಲಿಲ್ಲ. ಗೊತ್ತಿದ್ದದ್ದು, ಪ್ಲಗ್ಗು ಕೀಳಬೇಕು ಎಂದಷ್ಟೇ. "ಅಣ್ಣಾ, ಪ್ಲಗ್ ಕೀಳೋ!" ಎಂದು ಗಂಟಲು ಹರಿಯುವ ಹಾಗೆ ಕಿರುಚಿದೆ. ಕೇಳಿಸುವ ಹಾಗಿರಲಿಲ್ಲ. ನಾಲ್ಕನೇ ಜ್ವರ ಎದ್ದ ಹುಳುಗಳು ಸೊಪ್ಪು ತಿನ್ನುವ ಸದ್ದೇ ಒಂದು ಮಳೆಯ ಹಾಗೆ, ಮೇಲೆ ನಿಜವಾದ ಮಳೆ. ಬಾಗಿಲಲ್ಲಿ ನರಸಮ್ಮತ್ತೆ. ನಾನು ಡ್ರೈವರ್ ಸೀಟಿಗೆ ನುಸುಳಿ, ಆ ಕಡೆಯ ಬಾಗಿಲು ಒದ್ದು, ಹೊಸ್ತಿಲ ಮೇಲೆ ಕುಕ್ಕರುಗಾಲಲ್ಲಿ ಕೂತೆ. ಕೆಳಗೆ ಕೆಸರು ಹೊಳೆಯುತ್ತಿತ್ತು. ಹಾರುವಾಗ ಒಂದು ಬೆರಳು ಗಾಡಿಗೆ ತಾಗಿದರೂ ಮುಗಿಯಿತು. ಅತ್ತಿಗೆಯ ಅಳು, ಮಗುವಿನ ಅಳು, ಬಳೆಯ ಸದ್ದು. ಕೈ ಎರಡನ್ನೂ ಎದೆಗೆ ಕಟ್ಟಿಕೊಂಡು ಹಾರಿಬಿಟ್ಟೆ. ಕೆಸರಿನಲ್ಲಿ ಮುಖ ಅಡಿಯಾಗಿ ಬಿದ್ದೆ. ಎದ್ದು ಓಡಿ, ಜಗುಲಿಯ ಸಾಕೆಟ್ಟಿನಿಂದ ವೈರನ್ನು ಪ್ಲಗ್ಗಿನ ಸಮೇತ ಕಿತ್ತೆ.

ಬಳೆಯ ಸದ್ದು ನಿಂತಿತು. ಅದು ನಿಂತದ್ದು ಅದಕ್ಕಿಂತ ಹೆಚ್ಚು ಹೆದರಿಸಿತು. ತಿರುಗಿ ನೋಡಲು ಧೈರ್ಯ ಬರಲಿಲ್ಲ.

ನರಸಮ್ಮತ್ತೆ ಬದುಕಿದರು. ಶಿಡ್ಲಘಟ್ಟದ ಆಸ್ಪತ್ರೆಯ ಬಾಗಿಲಲ್ಲಿ ನರ್ಸು, "ಏನಾಯ್ತು?" ಎಂದು ಕೇಳಿದಾಗ ನಾನು ಬಾಯಿ ತೆರೆದಿದ್ದೆ. ಅಣ್ಣ ನನಗಿಂತ ಮೊದಲು, "ಸಿಡ್ಲು ಮೇಡಂ" ಅಂದ. ಅವನ ಮುಖ ನೋಡಿದೆ. ಬಿಳಿಚಿತ್ತು. ಹೆದರಿದ ಮನುಷ್ಯನ ಬಾಯಿಗೆ ಮೊದಲು ಬಂದ ಮಾತು ಅದು ಎಂದು ಆಗ ಅಂದುಕೊಂಡೆ. ಆದರೆ ಒಳಗೆ ಡಾಕ್ಟರು ಅಂಗೈ ಬಿಡಿಸಿ ನೋಡಿ, ಹಿಡಿಕೆಯ ಆಕಾರದಲ್ಲೇ ಸುಟ್ಟ ಗಾಯ ಕಂಡು, "ಇದು ಕರೆಂಟು" ಅಂದ ಮೇಲೂ, ಸಾದಲಿಗೆ ವಾಪಸು ಬಂದು ಅಂಗಳದಲ್ಲಿ ಸೇರಿದ್ದವರಿಗೆ ಅವನು ಸಿಡಿಲು ಎಂದೇ ಹೇಳಿದ. ಊರಿಗೆ ಅದು ಸಾಕಾಯಿತು. ಹುಳುವನ್ನು ಬೀದಿಯವರೆಲ್ಲ ಸೇರಿ ಸಾಕಿದರು, ಗೂಡಾಯಿತು. ನರಸಮ್ಮತ್ತೆಯ ಬಲಗೈ ಮಾತ್ರ ಹಿಡಿಕೆ ಹಿಡಿದ ಹಾಗೇ ಬಾಗಿ ಉಳಿಯಿತು. ಈಗ ಸೊಪ್ಪು ಬಿಡಿಸುವುದು ಎಡಗೈಯಲ್ಲಿ.

ಶೆಡ್ಡಿಗೆ ತಂದು ಕಪಾಟು ಬಿಚ್ಚಿ ಗೋಡೆಯ ಹಲಗೆ ಕಿತ್ತಾಗ ನಾನು ಪಕ್ಕದಲ್ಲಿದ್ದೆ. ಬೋಲ್ಟಿನ ಒಂದು ರೆಕ್ಕೆ ಕಪ್ಪು ವೈರನ್ನು ಗೋಡೆಗೆ ಒತ್ತಿ ಹಿಡಿದಿತ್ತು. ಬಿಗಿದಾಗಲೇ ಸೀಳಿದ್ದ ಅದರ ಸಿಪ್ಪೆ ದಾರಿಯ ಕುಲುಕಾಟಕ್ಕೆ ಇನ್ನಷ್ಟು ಸವೆದು ತಾಮ್ರ ಕಾಣುತ್ತಿತ್ತು. ಇನ್ನೊಂದು ರೆಕ್ಕೆ ಕಬ್ಬಿಣದ ಪಟ್ಟಿಗೆ ತಾಗಿತ್ತು. ಅಣ್ಣ ಬಹಳ ಹೊತ್ತು ನೋಡಿದ.

ಸೂರಪ್ಪ ಊರಿನಿಂದ ಬಂದ ದಿನ ಅಣ್ಣ ಬಾಯಿಬಿಟ್ಟ. "ವೈರು ಮುಂದೆ ಐತೆ ಅಂದ್ಯಲ್ಲಯ್ಯ! ನೀನ್ ಹೇಳಿದ್ ನಂಬಿ ಹಿಂದೆ ಹಾಕ್ದೆ!"

ಸೂರಪ್ಪ ಹೌಹಾರಿದ. "ಅಯ್ಯೋ ಸಾರ್, ಮುಂದೆ ಐತೆ ಅಂತ ಎಲ್ಲಂದೆ? ವೈರು ಮುಂದು ಅಂದೆ! ಮುಂದು ವೈರು ಚೂಡಂಡಿ, ತರ್ವಾತ ಕಪಾಟು!"

ನಮ್ಮ ಕಡೆ ಮಾತಿನಲ್ಲಿ ಕನ್ನಡ ಎಲ್ಲಿ ಮುಗಿದು ತೆಲುಗು ಎಲ್ಲಿ ಶುರುವಾಗುತ್ತದೆ ಎಂದು ಯಾರೂ ಗೆರೆ ಹಾಕಿಕೊಂಡಿಲ್ಲ. ಒಂದೇ ವಾಕ್ಯದಲ್ಲಿ ಹೊಲ ದಾಟಿದ ಹಾಗೆ ದಾಟುತ್ತೇವೆ. ತೆಲುಗಿನಲ್ಲಿ ಮುಂದು ಅಂದರೆ ಮೊದಲು. ಮೊದಲು ವೈರು ನೋಡಿ, ಆಮೇಲೆ ಕಪಾಟು ಹಾಕಿ ಎಂದು ಸೂರಪ್ಪ ಹೇಳಿದ್ದು. ಕನ್ನಡದ ಕಿವಿಗೆ ಅದು ಜಾಗ: ವೈರು ಮುಂಭಾಗದಲ್ಲಿದೆ. ಅಣ್ಣ ಕೇಳಿದ್ದಾದರೂ ಏನು? "ಎಲ್ಲಿ" ಎಂದು ಕೇಳಿದೆ ಎಂದು ಅವನು ವಾದಿಸುತ್ತಾನೆ. "ಏನ್ ಮಾಡ್ಲಿ" ಎಂದು ಕೇಳಿದರು ಎಂದು ಸೂರಪ್ಪ ಆಣೆ ಇಡುತ್ತಾನೆ. ನಾನು ಕೇಳಿಸಿಕೊಂಡದ್ದು "ವೈರು?" ಎಂಬ ಒಂದೇ ಪದ. ಅದರಲ್ಲಿ "ಎಲ್ಲಿ" ಕೂಡ ಇರಲಿಲ್ಲ, "ಏನ್" ಕೂಡ ಇರಲಿಲ್ಲ.

ಇಲ್ಲಿಗೇ ಬಿಟ್ಟಿದ್ದರೆ ಇದು ಎರಡು ಭಾಷೆಗಳ ನಡುವೆ ಬಿದ್ದ ತಪ್ಪು ಎಂದು ನಾನೂ ಸುಮ್ಮನಾಗುತ್ತಿದ್ದೆನೇನೋ. ಆದರೆ ಅಣ್ಣನ ಕಥೆ ಎರಡಾಯಿತು. ನೆಂಟರಿಗೆ, ಸಾದಲಿಯವರಿಗೆ, ಅತ್ತಿಗೆಯ ಬಳಗಕ್ಕೆ ಸಿಡಿಲು. ಬಾಡಿ ಕಟ್ಟುವ ಇತರ ಶೆಡ್ಡುಗಳಲ್ಲಿ ಮಾತ್ರ, "ಸೂರಪ್ಪನ ವೈರಿಂಗ್ ನಂಬ್ಬೇಡ್ರಪ್ಪ." ಸಿಡಿಲೇ ಆಗಿದ್ದರೆ ಸೂರಪ್ಪನನ್ನು ಕೆಲಸಕ್ಕೆ ಕರೆಯುವುದನ್ನು ಬಿಟ್ಟದ್ದೇಕೆ? ತಪ್ಪು ಸೂರಪ್ಪನದೇ ಆಗಿದ್ದರೆ ಹೆಂಡತಿಯ ಬಳಗದ ಮುಂದೆ ಸಿಡಿಲು ಅಂದದ್ದೇಕೆ? ಎರಡೂ ಒಟ್ಟಿಗೆ ನಿಜವಾಗಲು ಸಾಧ್ಯವಿಲ್ಲ. ಎರಡೂ ಸುಳ್ಳಾಗಬಹುದು.

ಈಚೆಗೆ ಸೂರಪ್ಪ ಚಿಂತಾಮಣಿ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದ. ಶೆಡ್ಡುಗಳ ಕೆಲಸ ಸಿಗದೆ ಬೋರ್‌ವೆಲ್ ಮೋಟರುಗಳ ರಿಪೇರಿಗೆ ಹಳ್ಳಿ ಹಳ್ಳಿ ಸುತ್ತುತ್ತಿದ್ದಾನೆ. "ಮೈತ್ರಮ್ಮ, ಫೋನಲ್ಲಿ ನೀವೂ ಕೇಳಿಸ್ಕೊಂಡ್ರಲ್ಲ. ನೀವೇ ಹೇಳಿ, ನಾನು ಏನಂದೆ?" ಎಂದ. ನಾನು, "ವೈರು ಮುಂದು ಅಂದೆ" ಅಂದೆ. "ಅಷ್ಟೇನಾ?" ಅಂದ. ಅಷ್ಟೇ. ಅವನ ಬಸ್ಸು ಬಂತು.

ಸೂರಪ್ಪನಿಗೆ ಗೊತ್ತಿಲ್ಲದ, ನಮ್ಮ ಮನೆಯವರಿಗೆ ಮಾತ್ರ ಗೊತ್ತಿರುವ ಒಂದು ಸಂಗತಿ ಇದೆ. ನಮ್ಮಜ್ಜಿ ಬಾಗೇಪಲ್ಲಿಯ ಕಡೆಯವರು, ಕನ್ನಡ ಆಡುತ್ತಿರಲಿಲ್ಲ. ಅಪ್ಪ ಅಮ್ಮ ಇಬ್ಬರೂ ಮೇಷ್ಟರಾಗಿ ಬೇರೆ ಬೇರೆ ಊರಲ್ಲಿದ್ದ ಕಾಲದಲ್ಲಿ ಅಣ್ಣ ಶಾಲೆಗೆ ಸೇರುವವರೆಗೂ ಅಜ್ಜಿಯ ಹತ್ತಿರ ಬೆಳೆದ. ಅವನಿಗೆ ಮೊದಲು ಬಂದ ಭಾಷೆ ತೆಲುಗು. "ಮುಂದು ಕಾಳ್ಳು ಕಡುಕ್ಕೋ, ತರ್ವಾತ ಬುವ್ವ" ಎಂದು ಅಜ್ಜಿ ದಿನವೂ ಅವನಿಗೆ ಹೇಳುತ್ತಿದ್ದರಂತೆ. ಮೊದಲು ಕಾಲು ತೊಳ್ಕೋ, ಆಮೇಲೆ ಊಟ. ಇವತ್ತಿಗೂ ಅಣ್ಣ ಕನಸಿನಲ್ಲಿ ಬಡಬಡಿಸುವುದು ತೆಲುಗಿನಲ್ಲೇ ಎಂದು ಅತ್ತಿಗೆ ಹೇಳಿ ನಗುತ್ತಾರೆ.

ಹೋದ ವಾರ ಆ ಶೆಡ್ಡಿನಲ್ಲಿ ಹೊರಗೆ ನಿಂತು ನೋಡುತ್ತಿದ್ದೆ. ಅಣ್ಣ ಗೋಡೆಯನ್ನು ಗೇಣುಗೇಣಿಗೂ ತಟ್ಟಿ, ಕಿವಿಯಿಟ್ಟು, ಸೀಮೆಸುಣ್ಣದಲ್ಲಿ ಗುರುತು ಹಾಕಿ, ಆಮೇಲಷ್ಟೇ ಡ್ರಿಲ್ ಎತ್ತುತ್ತಿದ್ದ. ಕೆಲಸದವರಿಗೆ, "ಮೊದಲು ವೈರು ನೋಡ್ರೋ, ಮೊದಲು ವೈರು" ಎಂದು ಗದರುತ್ತಿದ್ದ. ಗಾಡಿಯನ್ನು ಸರಿಸುವಾಗ, "ಎದುರಿಗೆ ತಗೊಳ್ಳಿ, ಇನ್ನೂ ಎದುರಿಗೆ" ಅಂದ. ಆಗ ಹೊಳೆಯಿತು. ಸೂರಪ್ಪನ ಮೇಲೆ ಕೂಗಾಡಿದ ಆ ದಿನದಿಂದ ಈಚೆಗೆ ನಮ್ಮಣ್ಣನ ಬಾಯಲ್ಲಿ ಮುಂದೆ ಎಂಬ ಪದವನ್ನಾಗಲಿ, ಮುಂದು ಎಂಬ ಪದವನ್ನಾಗಲಿ ನಾನು ಕೇಳಿಯೇ ಇಲ್ಲ. ಮುಂದಿನ ವಾರ ಅನ್ನುವುದಿಲ್ಲ, ಬರೋ ವಾರ ಅನ್ನುತ್ತಾನೆ.

ಡ್ರಿಲ್ ನಿಂತಿತು. ನಾನು ಹತ್ತದೆ ನಿಂತದ್ದನ್ನು ಕಂಡು, "ಬಾರಮ್ಮ ಒಳಗೆ, ಯಾಕೆ ಅಲ್ಲೇ ನಿಂತೆ?" ಅಂದ. ಅವನ ಹುಬ್ಬಿನ ಮೇಲೆಲ್ಲ ಪ್ಲೈವುಡ್ಡಿನ ಪುಡಿ. ನಾನು ಹಿಡಿಕೆಯನ್ನು ಮುಟ್ಟದೆ, ಕೆಳಗಿನಿಂದಲೇ ಕೇಳಿದೆ:

"ಅಣ್ಣ, ಅವತ್ತು ಸೂರಪ್ಪ ಮುಂದು ಅಂದಾಗ, ನೀನು ಅದನ್ನ ಯಾವ ಭಾಷೆಲಿ ಕೇಳಿಸ್ಕೊಂಡೆ?"